ನದಿಯ ಅಗಲದ ದರ

ಗ್ವಾದಿಯಾನಾ ನದಿ ಇಲ್ಲಿ ಇನ್ನೂರು ಹೆಜ್ಜೆ ಅಗಲ.
ಆಚೆ ದಡ ಸ್ಪೇನು, ಈಚೆ ಪೋರ್ಚುಗಲ್.
ಆಚೆ ಹನ್ನೆರಡು ಹೊಡೆದಾಗ ಈಚೆ ಹನ್ನೊಂದು.
ನಡುನೀರಲ್ಲಿ ದೋಣಿಯವನ ಜೇಬಿನ ಫೋನು
ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಒಂದು ತಾಸು ಜಿಗಿದು
ಎರಡು ದೇಶಗಳ ಸ್ವಾಗತ ತರುತ್ತದೆ.
ಅವನು ಓದುವುದಿಲ್ಲ. ಹಗ್ಗಕ್ಕೆ ಕೈ ಬೇಕು.

ಏರಿನ ಮೇಲೆ ಇದಾಲಿನಾಳ ಅಂಗಡಿ.
ಸೀಮೆಎಣ್ಣೆ, ಸಾರ್ಡೀನ್ ಡಬ್ಬಿ, ಇಲಿಪಾಷಾಣ,
ಒಂದು ಕಾಲಕ್ಕೆ ಇಡೀ ಊರಿಗೊಂದೇ ಟೆಲಿಫೋನು.
ಗೋಡೆಗೆ ಬಡಿದ ಕರಿ ಪೆಟ್ಟಿಗೆ, ಪಕ್ಕದಲ್ಲಿ ಮೀಟರು:
ದೂರ ಹೆಚ್ಚಿದಷ್ಟೂ ಅದರ ಎದೆ ಬೇಗ ಬಡಿಯುತ್ತಿತ್ತು.
ಲಿಸ್ಬನ್ನಿಗೆ ಟಿಕ್... ಟಿಕ್...
ಫ್ರಾನ್ಸಿನಲ್ಲಿ ಇಟ್ಟಿಗೆ ಹೊರುವ ಗಂಡಂದಿರಿಗೆ ಟಿಕ್ ಟಿಕ್ ಟಿಕ್.
ಮುಗಿದ ಮೇಲೆ ಅವಳು ಸಂಖ್ಯೆ ಓದುವಳು,
ಹೆಂಗಸರು ಏಪ್ರನ್ನಿನ ಜೇಬಿಂದ ಬೆಚ್ಚಗಿನ ನಾಣ್ಯ ತೆಗೆಯುವರು.
ಮುತ್ತು ಒಡೆದರೆ ಹೋಯಿತು, ಸರಿ.
ಇಲ್ಲಿ ಮಾತು ಆಡಿದರೆ ಲೆಕ್ಕದ ಪುಸ್ತಕಕ್ಕೆ ಹೋಗುತ್ತಿತ್ತು.

ತಂಗಿ ಗ್ರಾಸಿಂದಾ ಆಚೆ ದಡದವನನ್ನು ಕಟ್ಟಿಕೊಂಡಳು.
ಅಂಗಡಿ ಬಾಗಿಲಿಗೆ ಅವಳ ಅಡುಗೆಮನೆ ಕಿಟಕಿ ಕಾಣುತ್ತದೆ,
ಹೊಗೆ ನೋಡಿ ಏನು ಬೇಯುತ್ತಿದೆ ಎಂದು ಹೇಳಬಹುದು.
ಆದರೆ ಕರೆ ಮಾಡಿದರೆ ಅದು ವಿದೇಶ!
ದನಿ ಬೆಟ್ಟ ಹತ್ತಿ ಲಿಸ್ಬನ್ನಿಗೆ ಹೋಗಿ,
ಮ್ಯಾಡ್ರಿಡ್ಡಿನಲ್ಲಿ ಹೆಸರು ಬರೆಸಿ,
ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ
ಇನ್ನೂರು ಹೆಜ್ಜೆಯಾಚೆ ಇಳಿಯಬೇಕು.
ಹಾಗಾಗಿ ಇಬ್ಬರ ಕಿಟಕಿಗೂ ಒಂದೇ ಕಾಯಿದೆ:
ಬಿಳಿ ಹೊದಿಕೆ ಹಾಕಿದರೆ ಕ್ಷೇಮ,
ಕೆಂಪು ಹಾಕಿದರೆ ದೋಣಿ ಹತ್ತಿ ಬಾ,
ಏನೂ ಇಲ್ಲದಿದ್ದರೆ ಗಂಡ ಮನೆಯಲ್ಲಿದ್ದಾನೆ, ಕುಡಿದಿದ್ದಾನೆ.
ವರ್ಷಕ್ಕೆ ಎರಡು ಕರೆ: ಕ್ರಿಸ್ಮಸ್ಸಿಗೊಂದು, ಅಮ್ಮ ಸತ್ತ ದಿನಕ್ಕೊಂದು.
"ಇದ್ದೀಯಾ?" "ಇದ್ದೀನಿ." "ಕಾಲು?" "ಹಾಗೇ." ಟಿಕ್.
ಕ್ರಿಯಾಪದವನ್ನೂ ಕೂಡಿಟ್ಟ ಅಕ್ಕತಂಗಿಯರು.

ಆಮೇಲೆ ಮೊಬೈಲು ಬಂತು, ದುಬಾರಿ ಗೊಂದಲ.
ಅಂಗಡಿಯ ಹಿಂಬದಿ ಪೋರ್ಚುಗಲ್, ಮುಂಬಾಗಿಲು ಸ್ಪೇನು.
ಗಾಳಿ ತಿರುಗಿದರೆ ಟವರೂ ತಿರುಗುತ್ತದೆಂದು ಇದಾಲಿನಾ ನಂಬಿದ್ದಳು.
ಆಲಿವ್ ತೂಗುತ್ತಿದ್ದವಳು ತೂಗುತ್ತಲೇ ಗಡಿ ದಾಟಿರುವಳು;
ತಿಂಗಳ ಕೊನೆಗೆ ಬಿಲ್ಲು ಅವಳನ್ನು ಪ್ರವಾಸಿ ಎನ್ನುವುದು.

ಬ್ರಸೆಲ್ಸಿನಲ್ಲಿ ಎಲ್ಲೋ ಒಂದು ಉದ್ದ ಮೇಜು.
ಇಪ್ಪತ್ತನಾಲ್ಕು ಭಾಷೆಗಳಲ್ಲಿ ಕೆಮ್ಮಿ, ನೀರು ಕುಡಿದು,
ಸಗಟು ದರ, ಚಿಲ್ಲರೆ ದರ, ನ್ಯಾಯವಾದ ಬಳಕೆ ಎಂದು
ವರ್ಷಗಟ್ಟಲೆ ಚೌಕಾಸಿ.
ಮೀನುಪೇಟೆಯ ಹೆಂಗಸರು ಒಂದು ಬೆಳಗಿನಲ್ಲಿ ಮುಗಿಸುತ್ತಿದ್ದರು.
ಆದರೂ ಮುಗಿಸಿದರು. ಒಂದು ಜೂನಿನಲ್ಲಿ
ನದಿಯ ಅಗಲದ ದರ ಸೊನ್ನೆಯಾಯಿತು.

ಆ ಸಂಜೆ ಬಾಗಿಲ ಕಲ್ಲಿನ ಮೇಲೆ ಕೂತು ಕರೆ ಮಾಡಿದಳು.
ಆಚೆ ಕಿಟಕಿಯಲ್ಲಿ ತಂಗಿ ಫೋನೆತ್ತಿದ್ದು ಕಂಡಿತು,
ಈಚೆ ಕಿವಿಯಲ್ಲಿ ಅವಳ ಉಸಿರು.
"ಇದ್ದೀಯಾ?" "ಇದ್ದೀನಿ." "ಕಾಲು?" "ಹಾಗೇ."
ಆಮೇಲೆ?
ಟಿಕ್ ಇಲ್ಲದ ಮೌನ ಇಬ್ಬರಿಗೂ ಹೊಸದು,
ಪುಕ್ಕಟೆ ಸಿಕ್ಕ ಬಟ್ಟೆಯ ಥಾನು,
ಎಲ್ಲಿ ಕತ್ತರಿಸಬೇಕೋ ಗೊತ್ತಾಗಲಿಲ್ಲ.
ಕೊನೆಗೆ ಗ್ರಾಸಿಂದಾ ಫೋನನ್ನು ಒಲೆಯ ಪಕ್ಕ ಇಟ್ಟಳು.
ಈರುಳ್ಳಿ ಹುರಿಯುವ ಸದ್ದು. ಚಮಚ. ಬೈದ ಬೆಕ್ಕು.
ಇದಾಲಿನಾ ಕೇಳುತ್ತ ಕೂತಳು.
ಈಚೆ ಎಂಟೂವರೆ, ಆಚೆ ಒಂಬತ್ತೂವರೆ.
ಕತ್ತಲು ಮಾತ್ರ ಒಟ್ಟಿಗೇ ಆಯಿತು.

ಈ ವರ್ಷ ತಾಮ್ರ ಕೀಳಲು ತೆಲ್ಮು ಎಂಬ ಹುಡುಗ ಬಂದ.
ಇನ್ನು ಎಲ್ಲಾ ಗಾಜಿನ ಎಳೆ ಅಜ್ಜಿ, ಬೆಳಕೇ ಮಾತಾಡುತ್ತೆ ಅಂದ.
ಮೀಟರು ಒಯ್ಯಲೇ ಎಂದಾಗ ಅವಳು ಬಿಡಲಿಲ್ಲ:
"ಸತ್ತವರ ಬಾಕಿ ಇದೆ ಅದರಲ್ಲಿ."
ಅವನು ಲೆಕ್ಕಕ್ಕೆ ಬಾರದ ಎಂಟು ಮೀಟರು ತಂತಿ ಬಿಟ್ಟುಹೋದ.
ಅದನ್ನೇ ಕಿಟಕಿಯಿಂದ ಅಂಜೂರದ ಮರಕ್ಕೆ ಎಳೆದು ಕಟ್ಟಿದ್ದಾಳೆ.

ಇವತ್ತು ಅದರ ಮೇಲೆ ಕೆಂಪು.
ಫೋನು ಚಾರ್ಜಿನಲ್ಲಿದೆ, ಸಿಗ್ನಲ್ಲು ತುಂಬಿದೆ,
ದೋಣಿಯವನು ತಲೆಯೆತ್ತಿ ನೋಡಿ,
ಯಾರೂ ಕರೆಯದೆ, ಹಗ್ಗ ಬಿಚ್ಚುತ್ತಿದ್ದಾನೆ.