ರಟ್ಟಿನ ತೊಟ್ಟಿಲು

ಮಗು ಬರುವ ಮುಂಚೆ ಪೆಟ್ಟಿಗೆ ಬಂತು.
ಸರಕಾರ ಕಳಿಸಿದ್ದು; ಫಿನ್ಲೆಂಡಿನ ಬಸುರಿಯರಿಗೆ ಇದು ಬಾಗಿನ:
ಪುಟಾಣಿ ಕುಲಾವಿ, ಉಣ್ಣೆಯ ಕಾಲುಚೀಲ,
ಅಡಿಗೆ ಒಂದು ತೆಳು ಹಾಸಿಗೆ.
ಬಟ್ಟೆ ತೆಗೆದಿಟ್ಟರೆ ಅದೇ ತೊಟ್ಟಿಲು.
ನನ್ನನ್ನೂ ಇಂಥದರಲ್ಲೇ ಮಲಗಿಸಿದ್ದಳಂತೆ ಅಮ್ಮ.

ತೈಮಿ ಕುಲಾವಿ ಎಣಿಸಿ ಮುಗಿಸುವಷ್ಟರಲ್ಲಿ
ಕನೆಲಿ ಒಳಗಿದ್ದಳು.
ದಾಲ್ಚಿನ್ನಿ ಬಣ್ಣದ ಬೆಕ್ಕು, ಹೆಸರಿನ ಅರ್ಥವೂ ಅದೇ.
ಮೂರು ಸುತ್ತು ಸುತ್ತಿ, ಹಾಸಿಗೆ ತುಳಿದು ಹದಮಾಡಿ,
ಬಾಲವನ್ನು ಮೂಗಿನ ತನಕ ಹೊದ್ದು ಕಣ್ಣು ಮುಚ್ಚಿದಳು,
ಅರ್ಜಿ ಹಾಕಿದ್ದು ತಾನೇ ಎಂಬಂತೆ.
ನಕ್ಕೆವು. ಫೋಟೋ ತೆಗೆದೆವು.
ತಿಂಗಳ ಮೇಲೆ ಆ ನಗು ಇರಲಿಲ್ಲ.

ಬಾಣಂತಿಯನ್ನು ನೋಡಲು ಬಂದ ದಾದಿ ರೌನಿ
ಕೋಟು ಬಿಚ್ಚುವ ಮುಂಚೆಯೇ ಹೇಳಿದಳು:
"ಬೆಕ್ಕಿಗೆ ಕೆಟ್ಟ ಬುದ್ಧಿ ಏನಿಲ್ಲ. ಬೆಚ್ಚಗಿನ ಜಾಗ ಹುಡುಕುತ್ತದೆ.
ಆದರೆ ಬೆಕ್ಕು ಐದು ಕಿಲೋ, ಮಗು ಮೂರೂವರೆ.
ಕತ್ತು ಹೊರಳಿಸಲು ಬಾರದವಳ ಮೇಲೆ ಅದು ಒರಗಿದರೆ?"
ತೈಮಿಯ ಅಜ್ಜಿ ಹಿಲ್ಯಾ ಫೋನಿನಲ್ಲಿ ಇನ್ನೊಂದು ಹೇಳಿದಳು,
ಹಾಲಿನ ವಾಸನೆಗೆ ಬಂದು
ಬೆಕ್ಕು ಕೂಸಿನ ಉಸಿರು ಹೀರುತ್ತದಂತೆ.
ನಾನು ನಂಬಲಿಲ್ಲ.
ಆ ರಾತ್ರಿ ನಾಲ್ಕು ಸಲ ಎದ್ದು ಉಸಿರು ನೋಡಿದೆ.

ಕೋಣೆಗೆ ಬಾಗಿಲಿದೆ, ಮುಚ್ಚಿದರೆ ಒಲೆಯ ಕಾವು ಒಳಗೆ ಬರದು.
ನವೆಂಬರಿನ ಕಯಾನಿ: ಮೂರೂವರೆಗೇ ಕತ್ತಲು,
ಸರೋವರಕ್ಕೆ ಆಗಲೇ ಕೆನೆಗಟ್ಟಿತ್ತು.
ಅಪ್ಪನ ಹಳೆಯ ಮೀನುಬಲೆ ತಂದು ಬಾಗಿಲಿಗೆ ಅಡ್ಡ ಬಿಗಿದೆ.
ಬೆರಳು ಮಾತ್ರ ತೂರುವ ಕಣ್ಣುಗಳು;
ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.
ಇಪ್ಪತ್ತು ವರ್ಷದ ಮೀನು ಬಲೆಗೆ ಇನ್ನೂ ನೆನಪಿತ್ತು.
ಬೆಳಗಾಗುವಷ್ಟರಲ್ಲಿ ಕನೆಲಿಯ ಪಕ್ಕ ಮುದಿ ತುಹ್ಕಾ ಕೂಡ,
ಎರಡು ಚಳಿಗಾಲ ಒಲೆಕಟ್ಟೆಯಿಂದ ಇಳಿಯದವನು,
ಕಣ್ಣು ಮುಚ್ಚಿ ಬಲೆ ನೆಕ್ಕುತ್ತಿದ್ದ.

ಆಮೇಲೆ ಬೇಸಿಗೆಮನೆಯ ಸೊಳ್ಳೆಜಾಲರಿಯ ಬಾಗಿಲನ್ನೇ ಕಳಚಿದೆ.
ಕಾರಿನ ನೆತ್ತಿಗೆ ಕಟ್ಟಿ, ಹಿಮದಲ್ಲಿ, ಅರವತ್ತು ಕಿಲೋಮೀಟರು.
ಡಿಸೆಂಬರಿನಲ್ಲಿ ಸೊಳ್ಳೆಬಾಗಿಲು ಹೊತ್ತವನನ್ನು ನೋಡಿ
ಪೆಟ್ರೋಲ್ ಬಂಕಿನ ಹುಡುಗ ಏನೂ ಕೇಳಲಿಲ್ಲ.
ನಮ್ಮ ಕಡೆ ಕೇಳುವುದಿಲ್ಲ.

ಮೊದಲ ರಾತ್ರಿ ಕನೆಲಿ ಕೂಗಲಿಲ್ಲ, ಪರಚಲಿಲ್ಲ.
ಜಾಲರಿಯಾಚೆ ಮುಂಗಾಲು ಜೋಡಿಸಿ ಕೂತಳು.
ಅಂಡು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡಿದವನು ನಾನು.

ನನಗೆ ಗೊತ್ತಿತ್ತಲ್ಲ,
ಐದನೇ ತಿಂಗಳಿಂದ ಅವಳು ಮಲಗುತ್ತಿದ್ದುದು
ತೈಮಿಯ ಹೊಟ್ಟೆಗೆ ಕಿವಿಯೊತ್ತಿ.
ಒಳಗಿಂದ ಒದೆ ಬಿದ್ದರೆ ಬೆಚ್ಚುವಳು,
ಮತ್ತೆ ಅಲ್ಲೇ ಗಲ್ಲ ಊರುವಳು.
ಬೆನ್ನಿಗೆ ಬೆನ್ನು, ನಡುವೆ ಒಂದು ಚರ್ಮ.
ನಾನು ಮರದ ಮಿಲ್ಲಿನಲ್ಲಿ ರಾತ್ರಿಪಾಳಿ.
ಮಗಳಿಗೆ ನನ್ನ ದನಿಗಿಂತ ಮುಂಚೆ ಗುರುತಾದದ್ದು
ಆ ಗುರುಗುರು.
ಈಗ ಅವಳಿಗೆ "ಹೊರಗೆ" ಎನ್ನುವ ಕೆಲಸ
ನನ್ನ ಪಾಲಿಗೆ ಬಂತು.

ಒಂಬತ್ತನೆಯ ರಾತ್ರಿ ಮಗಳು
(ಹೆಸರಿಟ್ಟಿರಲಿಲ್ಲ ಇನ್ನೂ; ಬೆಕ್ಕುಗಳಿಗಷ್ಟೇ ಹೆಸರು ಮನೆಯಲ್ಲಿ)
ಅತ್ತು ಅತ್ತು ಬೀಟ್‌ರೂಟಾದಳು.
ಎತ್ತಿದೆ, ತಟ್ಟಿದೆ, ಬಾಯಿಗೆ ಬಂದದ್ದು ಹಾಡಿದೆ.
ಸೋತು ಪೆಟ್ಟಿಗೆಯಲ್ಲಿ ಮಲಗಿಸಿದಾಗ
ಆಚೆಯಿಂದ ಏನೋ ಶುರುವಾಯಿತು. ಫ್ರಿಜ್ ಇರಬೇಕು ಅಂದುಕೊಂಡೆ.
ಮಗು ತೆರೆದ ಬಾಯಿ ತೆರೆದಂತೆಯೇ
ಸುಮ್ಮನಾದಳು.
ಕೇಳಿಸಿಕೊಂಡಳು.
ಪೆಟ್ಟಿಗೆಯನ್ನು ಜಾಲರಿಯ ಕಡೆಗೆ ಎಳೆದೆ,
ಒಂದು ಮೊಳ ಬಿಟ್ಟು. ಮೊಳವನ್ನು ಎರಡು ಸಲ ಅಳೆದೆ.

ಬೆಳಿಗ್ಗೆ ಅವಳ ಕೆನ್ನೆಯ ಬಳಿ, ಹಾಸಿಗೆಯ ಮೇಲೆ
ಒಂದು ಕೂದಲು. ದಾಲ್ಚಿನ್ನಿ.
ಎದೆ ಧಸಕ್ಕೆಂದಿತು.
ಚಿಲಕ ನೋಡಿದೆ, ಕೀಲು, ಕೆಳಗಿನ ಸಂದು,
ಮೊಣಕಾಲೂರಿ ಜಾಲರಿಯನ್ನೆಲ್ಲ ತಡಕಿದೆ.
ಎಲ್ಲೂ ತೂತಿಲ್ಲ.
ತೈಮಿ ಕಣ್ಣು ಬಿಡದೆಯೇ ಅಂದಳು,
"ನಿನ್ನ ಸ್ವೆಟರ್ ನೋಡಿಕೋ."