ಅರ್ಧ ಗಂಟೆಗೆ ಎರಡು ಬಿರ್

ಅಡಿಸ್ ಅಬಾಬದ ಈ ಚೌಕಕ್ಕೆ ಅರಾತ್ ಕಿಲೋ ಎಂದು ಹೆಸರು,
ಅಂದರೆ ನಾಲ್ಕು ಕಿಲೋ.
ಯಾವುದರ ನಾಲ್ಕು ಎಂದು ಕೇಳಬೇಡಿ, ದಾರಿಯದ್ದೇ ಇರಬೇಕು.
ನನಗೆ ಮಾತ್ರ ಅದು ತೂಕ:
ಹುರಿದ ಬಾರ್ಲಿ ಮಾರುವ ಅಸ್ಕಾಲೆಗೆ
ತಿಂಗಳ ಕೊನೆಗೆ ತೂಗಿಕೊಡುವ ಹಳೆಯ ಪತ್ರಿಕೆ.

ನಾನು ಜೆನಾಶ್. ನಮ್ಮ ಮಾತಲ್ಲಿ ಜೆನಾ ಅಂದರೆ ಸುದ್ದಿ.
ಮಾರುವವಳಲ್ಲ, ಬಾಡಿಗೆಗೆ ಕೊಡುವವಳು.
ಅರ್ಧ ಗಂಟೆಗೆ ಎರಡು ಬಿರ್.
ಕೊಳ್ಳಲು ಕಾಸಿಲ್ಲದವರು ಈ ಮೆಟ್ಟಿಲ ಮೇಲೆ ಕೂತು ಓದಿ
ಮಡಿಕೆ ಕೆಡದಂತೆ ವಾಪಸು ಕೊಡಬೇಕು.
ಒಂದು ಪ್ರತಿಗೆ ನಲವತ್ತು ಜೋಡಿ ಕಣ್ಣು;
ಸಂಜೆಗೆ ಮೂಲೆಗಳೆಲ್ಲ ಹೆಬ್ಬೆರಳಿನ ಬಣ್ಣ.
ಪದಬಂಧ ಮನಸ್ಸಿನಲ್ಲೇ ತುಂಬಬೇಕು, ಅದು ನನ್ನ ಕಾನೂನು.
ರೈಲಿನ ಸಿಗ್ನಲ್ ನೋಡಿಕೊಂಡಿದ್ದ ಮೆಕ್ವಾನಿಂತ್
ಒಮ್ಮೆ ಉಗುರಿನಲ್ಲಿ ಗೀರಿ ತುಂಬಿ ಸಿಕ್ಕಿಬಿದ್ದ.
ದಂಡ ಹಾಕಿದೆ.
ಎರಡನೇ ಸಾಲು ತಪ್ಪಾಗಿತ್ತು, ಅದನ್ನೂ ಹೇಳಿದೆ.

ಈಗ ಮೆಕ್ವಾನಿಂತನ ಕೈಯಲ್ಲಿ ಫೋನು.
ಅದೇ ಮೆಟ್ಟಿಲು, ಅದೇ ಬಗ್ಗಿದ ಕುತ್ತಿಗೆ,
ಬೆರಳು ಮಾತ್ರ ಮೇಲಕ್ಕೆ ತಳ್ಳುತ್ತದೆ, ತಳ್ಳುತ್ತಲೇ ಇರುತ್ತದೆ,
ಬಾವಿಯಿಂದ ನೀರು ಸೇದುವವನ ಹಾಗೆ.
ಕೊಡ ಮೇಲೆ ಬಂದದ್ದನ್ನು ನಾನಿನ್ನೂ ನೋಡಿಲ್ಲ.
ಏಳುವಾಗ ಎರಡು ಬಿರ್ ಇಡುತ್ತಾನೆ.
ಯಾಕೆ ಅಂದರೆ, ನೆರಳಿಗೆ, ಅನ್ನುತ್ತಾನೆ.

ಬರೆದದ್ದನ್ನೆಲ್ಲ ಮಸಿ ನುಂಗಿತು ಎಂಬ ಮಾತುಂಟು.
ಇಲ್ಲಿ ಮಸಿಯನ್ನೇ ಬೆಳಕು ನುಂಗಿತು.
ಹಾಗಂತ ನಾನು ಅಳುತ್ತಾ ಕೂತಿಲ್ಲ.
ಮಸಿಯ ಪರಿಮಳ ಎಂದು ಕಣ್ಣು ಮುಚ್ಚುವವರು
ಅದನ್ನು ಉಗುರಿನ ಸಂದಿಯಿಂದ ತಿಕ್ಕಿ ತೆಗೆದವರಲ್ಲ.
ಕೆಲಸದ ಜಾಹೀರಾತು ಹರಿದುಕೊಂಡು ಓಡುವ ಹುಡುಗರೂ ಈಗಿಲ್ಲ;
ಬೇಕಾದದ್ದು ಅವರ ಜೇಬಿಗೇ ಬರುತ್ತದೆ. ಬರಲಿ.

ಕಳೆದ ವಾರ ಒಬ್ಬಳು ಬಂದಳು, ಹೆಸರು ತ್ಸಿಗೆರೆದಾ.
ಹೋದ ವರ್ಷ ನರ್ಸಿಂಗ್ ಪಾಸಾದವರ ಪಟ್ಟಿ ಬೇಕಂತೆ.
ಫೋನಿನಲ್ಲಿತ್ತು, ಈಗ ಒತ್ತಿದರೆ ಬರೀ ಬಿಳಿ, ಅಂದಳು.
ಅಪ್ಪನಿಗೆ ತೋರಿಸಬೇಕು;
ಮುಟ್ಟಲಾಗದ ಅಕ್ಷರವನ್ನು ಆತ ನಂಬುವುದಿಲ್ಲ.
ನನ್ನ ಬಳಿ ಇರಲಿಲ್ಲ. ತೂಕಕ್ಕೆ ಹೋಗಿತ್ತು.

ಇಬ್ಬರೂ ಅಸ್ಕಾಲೆಯ ಬುಟ್ಟಿಗೆ ಕೈಹಾಕಿ
ಪೊಟ್ಟಣದ ಮೇಲೆ ಪೊಟ್ಟಣ ಬಿಚ್ಚಿದೆವು:
ಒಬ್ಬ ಮಂತ್ರಿಯ ಅರ್ಧ ಮೀಸೆ, ಸಿಮೆಂಟಿನ ಬೆಲೆ,
ಯಾರದೋ ಸಾವಿನ ಮೂರನೇ ಸಾಲು.
ಅಸ್ಕಾಲೆ ಬೈಯುತ್ತಲೇ ಬಾರ್ಲಿಯನ್ನು ಮಡಿಲಿಗೆ ಸುರಿದುಕೊಂಡಳು.
ಸಿಕ್ಕಿತು.
ಉಪ್ಪು ಮೆತ್ತಿದ ಕಾಲುಪುಟ, 'ಗೆ' ಅಕ್ಷರದ ಹೆಸರುಗಳವರೆಗೆ.
ನಮ್ಮ ಅಕ್ಷರಮಾಲೆಯಲ್ಲಿ 'ತ್ಸ' ಬರುವುದು ಅದಾದ ಮೇಲೆ.
ಅವಳ ಹೆಸರು ಆಗಲೇ ಯಾರದೋ ಕೈಯಲ್ಲಿ
ಖಾಲಿಯಾಗಿ, ಮುದುರಿ, ಚರಂಡಿ ಹಿಡಿದು ಹೋಗಿತ್ತು.

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.
ಕೊನೆಯ ಹೆಸರಿನ ಮೇಲೆ ಬೆರಳಿಟ್ಟು
ಪರೀಕ್ಷೆಯಲ್ಲಿ ಇವಳು ನನ್ನ ಮುಂದೆಯೇ ಕೂತಿದ್ದಳು, ಅಂದಳು.
ಮಡಿಸಿ ಚೀಲದಲ್ಲಿಟ್ಟುಕೊಂಡಳು.
ಬಾರ್ಲಿಗೂ ದುಡ್ಡು ಕೊಟ್ಟಳು.

ಅಚ್ಚಿನ ಕಾಗದ ಉಳಿಯುತ್ತದೆಯೇ ಎಂದು ಕೇಳಲು
ವಿಶ್ವವಿದ್ಯಾಲಯದ ಹುಡುಗನೊಬ್ಬ ರೆಕಾರ್ಡರ್ ಹಿಡಿದು ಬಂದಿದ್ದ.
ಉಳಿಯುವುದು ಯಾವುದಯ್ಯಾ?
ಒಂದು ಒತ್ತಿದರೆ ಬಿಳಿ, ಇನ್ನೊಂದು ಬಾರ್ಲಿಗೆ ಅಂಗಿ.
ನಾನು ಕೊಡುವುದು ತಲೆಬರಹ;
ಹಣೆಬರಹ ಬೇಕಾದರೆ ಆ ಚರ್ಚಿನ ಬಾಗಿಲಲ್ಲಿ ಕೇಳು, ಅಂದೆ.
ಅರ್ಧ ಗಂಟೆ ಆಗಿತ್ತು. ಎರಡು ಬಿರ್ ಕೇಳಿದೆ. ಕೊಟ್ಟ.

ಈಗ ಇರುವುದು ಮೂರೇ ಪತ್ರಿಕೆ, ವಾರಕ್ಕೊಮ್ಮೆ ಬರುವಂಥವು.
ಗಾಳಿಗೆ ಹಾರದಂತೆ ಇಡುವ ಕಲ್ಲುಗಳು ಮಾತ್ರ ಹಿಂದಿನಷ್ಟೇ ಇವೆ.
ಮಿಕ್ಕವನ್ನು ಖಾಲಿ ನೆಲದ ನಾಲ್ಕು ಮೂಲೆಗೆ
ಬೆಳಿಗ್ಗೆ ಎಂದಿನಂತೆ ಜೋಡಿಸಿಡುತ್ತೇನೆ.
ಮೆಕ್ವಾನಿಂತ್ ನಡುವೆ ಕೂರಲು ಬಂದರೆ
ಅಲ್ಲಿ ಪತ್ರಿಕೆ ಇದೆ, ಅನ್ನುತ್ತೇನೆ.

ಸರಿದು ಕೂರುತ್ತಾನೆ.