ಎಳೆ ಕೂಡಿದರೆ ದಂಡ

ಮೂವತ್ತೊಂದು ವರ್ಷ ವೂಚ್ ಪಟ್ಟಣದ ಗಿರಣಿಯಲ್ಲಿ
ಹಾಸಿನ ಎಳೆ ಕಾದವಳು ನಾನು.
ಒಂದರ ಪಕ್ಕ ಒಂದು, ಎರಡು ಸಾವಿರದ ನಾನೂರು,
ಎಷ್ಟು ದೂರ ಹೋದರೂ ಒಂದನ್ನೊಂದು ಮುಟ್ಟಕೂಡದು.
ಮುಟ್ಟಿದರೆ ಬಟ್ಟೆಯಲ್ಲಿ ಗಂಟು,
ಗಂಟಿಗೆ ದಂಡ, ದಂಡಕ್ಕೆ ಸಂಬಳದಲ್ಲಿ ಮುರಿತ.

ಈಗ ಆ ಗಿರಣಿಯಲ್ಲಿ ಶೂ ಮಾರುತ್ತಾರೆ, ಐಸ್‌ಕ್ರೀಮ್ ಮಾರುತ್ತಾರೆ.
ನನಗೆ ಎಪ್ಪತ್ತಮೂರು. ಮಂಗಳವಾರ ಸಂಜೆ
ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ವಿತೊಲ್ಡ್ ಎಂಬ ಹುಡುಗ
ನಮಗೆ, ಏಳು ಜನ ಮುದುಕರಿಗೆ,
ಬೀದಿಯ ಫೋಟೊ ತೆಗೆಯಲು ಕಲಿಸುತ್ತಾನೆ.
ಬೋರ್ಡಿನ ಮೇಲೆ ಎರಡು ಗೆರೆ ಎಳೆದ,
ತುದಿಯಲ್ಲಿ ಕೂಡಿಸಿ ಒಂದು ಚುಕ್ಕೆ ಇಟ್ಟ:
"ಕಣ್ಣು ಇಲ್ಲಿಗೇ ಹೋಗುತ್ತೆ. ತಡೆಯೋಕಾಗಲ್ಲ."
ನನ್ನ ಕೈ ತಾನಾಗಿ
ಮಗ್ಗ ನಿಲ್ಲಿಸುವ ಹಿಡಿಗೆ ತಡಕಾಡಿತು.

ಅಂದಿನಿಂದ ಊರು ಬೇರೆ ಕಾಣುತ್ತಿದೆ.
ಟ್ರಾಮಿನ ಕಂಬಿ, ಕಂಬಿಯ ಮೇಲಿನ ತಂತಿ,
ಕೆಂಪಿಟ್ಟಿಗೆಯ ವರಸೆ, ಚರಂಡಿಯ ಅಂಚು,
ಬ್ರೆಡ್ಡಿನಂಗಡಿಯ ಮುಂದಿನ ಸಾಲು ಕೂಡ
ಎಲ್ಲವೂ ಯಾವುದೋ ಒಂದೇ ಕಡೆಗೆ ವಾಲಿವೆ,
ಸಾವಿನ ಮನೆಗೆ ಹೊರಟವರ ಹಾಗೆ, ಮಾತಿಲ್ಲದೆ.

ಅಂಗಳದಲ್ಲಿ ಜಮಖಾನೆ ಬಡಿಯುವ ಕಬ್ಬಿಣದ ಚೌಕಟ್ಟಿಗೆ
ತಲೆಕೆಳಗಾಗಿ ಜೋತಿದ್ದ ಹುಡುಗಿಯನ್ನು ಕೇಳಿದೆ,
ಅಲ್ಲಿಂದ ಹೇಗೆ ಕಾಣುತ್ತೆ?
"ಅಜ್ಜಿ, ನೀನು ನೆಲಕ್ಕೆ ನೇತುಬಿದ್ದಿದ್ದೀ."
ತೆಗೆದೆ. ಅಲುಗಿತು. ಇರಲಿ.

ಮಾರ್ಚಿಯ ಒಂದು ಬೆಳಿಗ್ಗೆ, ಹಿಮ ಕರಗಿ ಕಂಬಿ ಹೊಳೆವಾಗ,
ಕಂಬಿಗಳ ನಡುವೆ ಮಂಡಿಯೂರಿದೆ. ಮಂಡಿ ಬೈಯಿತು.
ತಗ್ಗಿದರೆ ನೆಲ ಎದ್ದು ನಿಲ್ಲುತ್ತೆ ಅಂದಿದ್ದ ಹುಡುಗ;
ನಿಂತಿತು.
ಆ ಕೊನೆಯಲ್ಲಿ, ಎರಡೂ ಕೂಡುವಲ್ಲಿ,
ಎಳ್ಳಿನಷ್ಟು ಒಬ್ಬ ಹೆಂಗಸು. ನೀಲಿ ಕೋಟು, ಎಡಕ್ಕೆ ವಾಲುವ ನಡೆ.
ಬ್ರೋನಿಸ್ವಾವಾ?
ಎದುರು ಮಗ್ಗದವಳು. ಹತ್ತೊಂಬತ್ತು ವರ್ಷ
ಲಾಳಿಗಳ ಗದ್ದಲದಲ್ಲಿ ಒಂದು ಸದ್ದೂ ಕೇಳದೆ ಹರಟಿದ್ದೆವು,
ತುಟಿ ನೋಡಿ, ತುಟಿ ಓದಿ:
ಗಂಡನ ಸುದ್ದಿ, ಮುಷ್ಕರದ ಸುದ್ದಿ, ಸಾಸೇಜಿನ ಬೆಲೆ.
ಅವಳ ದನಿ ಹೇಗಿತ್ತೋ ನನಗಿನ್ನೂ ಗೊತ್ತಿಲ್ಲ.

ಹಿಂದಿನಿಂದ ಟ್ರಾಮು ಗಂಟೆ ಬಾರಿಸಿತು.
ಒಂದೇ ಒಂದು ಒತ್ತಿ, ಎದ್ದು, ಬದಿಗೆ ಸರಿದೆ.
ಟ್ರಾಮು ದಾಟಿದ ಮೇಲೆ
ಕಂಬಿ ಇತ್ತು, ಚುಕ್ಕೆ ಇರಲಿಲ್ಲ.

ವಿತೊಲ್ಡ್ ಫೋಟೊವನ್ನು ಗೋಡೆಗೆ ಅಂಟಿಸಿ ಹೊಗಳಿದ:
ಗೆರೆ ನೇರ, ತುದಿಯಲ್ಲೊಂದು ಜೀವ.
ನಾನು ಭೂತಗನ್ನಡಿ ಹಿಡಿದೆ.
ಬಾಯಿ ತೆರೆದಂತಿದೆ. ಏನೋ ಅಂದಂತಿದೆ.
ಹತ್ತಿರ ಹೋದಷ್ಟೂ ಬರೀ ಕಾಳು, ಕಪ್ಪು ಬಿಳಿ ಕಾಳು,
ಯಾರೋ ಗಸಗಸೆ ಚೆಲ್ಲಿ ಆಯ್ದುಕೊಳ್ಳದೆ ಹೋದ ಹಾಗೆ.

ಬರುವ ಮಂಗಳವಾರ ನೆರಳಿನ ಪಾಠವಂತೆ.
ನಾನು ಹೋಗುವುದು ಟ್ರಾಮಿನಲ್ಲೇ,
ಎಲ್ಲರಿಗಿಂತ ಮುಂದೆ ನಿಂತು, ಗಾಜಿಗೆ ಮೂಗು ಹಚ್ಚಿ.
ಕೂಡುತ್ತೇವೆ ಕೂಡುತ್ತೇವೆ ಎನ್ನುತ್ತ ಬಂದ ಕಂಬಿಗಳು
ಹತ್ತಿರವಾದಂತೆ ಮೆಲ್ಲನೆ ಬಿಡಿಸಿಕೊಂಡು,
ದಂಡ ತೆರದೆ, ಕಾಲಡಿಯಲ್ಲಿ ಹಾದುಹೋಗುತ್ತವೆ.